ಸರ್ಕಾರ ದುಡ್ಡು ಸುರಿದ್ರೆ ರಾಜ್ಯ ಮೇಲೇಳ್ತದಾ? ಗಲ್ಲಾ ಪಕ್ಕ ಕೂತು ಕಂಡದ್ದು

ಕೊರೊನಾ ಥರದ ಹೊಡೆತ ಬಿದ್ದಾಗ ಸರ್ಕಾರ ಸಾಲ ಮಾಡಿ ಖರ್ಚು ಮಾಡಿದ್ರೆ ರಾಜ್ಯದ ವ್ಯಾಪಾರ ವಹಿವಾಟು ನಿಜವಾಗ್ಲೂ ಚೇತರಿಸ್ಕೊಳ್ತದಾ, ಇಲ್ಲ ಎಲ್ಲ ಕಾಂಟ್ರಾಕ್ಟರ್ ಜೇಬಿಗೇ ಹೋಗ್ತದಾ ಅಂತ ಕೇಳಿದ್ದೀರಿ. ನಾನು ಎಕನಾಮಿಸ್ಟ್ ಅಲ್ಲ, ಮುಂಬೈಯಲ್ಲಿ ಮುಲುಂಡ್ ಕಡೆ ನಮ್ಮೂರಿನವರ ಮೂರ್ನಾಲ್ಕು ಹೋಟೆಲ್ ಲೆಕ್ಕ ಬರೀತೇನೆ. ಚೇತರಿಸ್ಕೊಳ್ತದೆ, ಆದ್ರೆ ದುಡ್ಡು ಮೊದಲು ಯಾರ ಕೈಗೆ ಬೀಳ್ತದೆ ಅನ್ನೋದ್ರಲ್ಲಿ ಎಲ್ಲ ಉಂಟು.

2020ರ ಮೇ ತಿಂಗಳಲ್ಲಿ ಕೇಂದ್ರ 20 ಲಕ್ಷ ಕೋಟಿ ಪ್ಯಾಕೇಜ್ ಅಂದಾಗ ಹೋಟೆಲ್‌ನವರೆಲ್ಲ ಫೋನ್ ಮಾಡಿ ನಮಗೇನು ಸಿಗ್ತದೆ ಮಾರಾಯ್ರೆ ಅಂತ ಕೇಳಿದ್ದೇ ಕೇಳಿದ್ದು. ಸಿಕ್ಕಿದ್ದು ಸಾಲ. ಇಸಿಎಲ್‌ಜಿಎಸ್ ಅಂತ 3 ಲಕ್ಷ ಕೋಟಿಯ ಸ್ಕೀಮು, ಫೆಬ್ರವರಿ 29ಕ್ಕೆ ಬ್ಯಾಂಕಲ್ಲಿ ಎಷ್ಟು ಸಾಲ ಬಾಕಿ ಇತ್ತೋ ಅದರ 20 ಪರ್ಸೆಂಟ್ ಹೊಸದಾಗಿ ಕೊಡೋದು, ಗ್ಯಾರಂಟಿ ಸರ್ಕಾರದ್ದು, ಒಂದು ವರ್ಷ ಅಸಲು ಕಟ್ಟೋದು ಬೇಡ. ಒಬ್ಬರ ಬಾಡಿಗೆ, ಕರೆಂಟ್ ಬಿಲ್ಲು ಅದರಲ್ಲೇ ತೀರ್ಸಿದ್ವಿ, ಸುಳ್ಳು ಯಾಕೆ ಹೇಳ್ಲಿ. ಇನ್ನೊಬ್ಬರು ಜನ್ಮದಲ್ಲಿ ಬ್ಯಾಂಕ್ ಸಾಲ ಮಾಡಿದವರಲ್ಲ, ಬಾಕಿ ಸೊನ್ನೆ, ಸೊನ್ನೆಯ 20 ಪರ್ಸೆಂಟೂ ಸೊನ್ನೆ! ಸಾಲ ಮಾಡದೆ ಬದುಕಿದ್ದೇ ತಪ್ಪಾಯ್ತಾ ಅಂತ ಕೇಳಿದ್ರು, ನಾನೇನು ಹೇಳೋದು. ಮತ್ತೆ ಸಾಲದಿಂದ ಶಟರ್ ಬೀಳೋದು ತಪ್ಪಬಹುದು, ಗಿರಾಕಿ ಬರೋದಿಲ್ಲ.

ಗಿರಾಕಿ ಬಂದದ್ದು ಇಲ್ಲಿನ ಎಲ್‌ಬಿಎಸ್ ರೋಡಲ್ಲಿ ಸರ್ಕಾರ ಮಾಡಿಸ್ತಿದ್ದ ಮೆಟ್ರೋ ಕೆಲಸದಿಂದ. ಆಫೀಸಿನವರೆಲ್ಲ ಮನೇಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತಿದ್ರು, ಬೆಳಿಗ್ಗೆ ಏಳಕ್ಕೆ ಪಾರ್ಸೆಲ್‌ಗೆ ಲೈನ್ ನಿಂತದ್ದು ಹಳದಿ ಹೆಲ್ಮೆಟ್‌ನ ಹುಡುಗರು. 40 ರೂಪಾಯಿ ಇಡ್ಲಿ ಪ್ಲೇಟಿಗೆ 5 ಪರ್ಸೆಂಟ್ ಜಿಎಸ್‌ಟಿ, ಅಂದ್ರೆ 2 ರೂಪಾಯಿ, ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ ವಾಪಸ್. ಉಳಿದದ್ದು ಅಕ್ಕಿ ಉದ್ದಿನ ಅಂಗಡಿಗೆ, ಗ್ಯಾಸಿಗೆ, ಊರಿಂದ ಪುನಃ ಕರೆಸಿದ ತಟ್ಟೆ ತೊಳೆಯೋ ಹುಡುಗನ ಸಂಬಳಕ್ಕೆ, ಅವನು ಮೊದಲ ಸಂಬಳದಲ್ಲಿ ಪಕ್ಕದಂಗಡೀಲಿ ಚಪ್ಪಲಿ ತಗೊಂಡ. ಪುಸ್ತಕದಲ್ಲಿ ಮಲ್ಟಿಪ್ಲೈಯರ್ ಅಂತಾರಲ್ಲ, ಅದು ಇದೇ.

ಆದ್ರೆ ರಾಜ್ಯದ ಕೊಡಪಾನಕ್ಕೆ ತೂತು ಜಾಸ್ತಿ. ಮೆಟ್ರೋ ಹುಡುಗ ಜಾರ್ಖಂಡ್‌ಗೆ ಮನಿಯಾರ್ಡರ್ ಥರ ಫೋನ್‌ಪೇ ಮಾಡ್ತಾನೆ, ನಮ್ಮ ಹುಡುಗ ಕುಂದಾಪುರಕ್ಕೆ. ಮೇಲಿಂದ ರಾಜ್ಯಕ್ಕೆ ನೋಟು ಛಾಪಿಸೋ ಅಧಿಕಾರ ಇಲ್ಲ, ಸಾಲಕ್ಕೂ ಮಿತಿ ಉಂಟು. ಜಿಎಸ್‌ಡಿಪಿಯ, ಅಂದ್ರೆ ರಾಜ್ಯದ ಒಟ್ಟು ಉತ್ಪಾದನೆಯ, 3 ಪರ್ಸೆಂಟ್ ಇದ್ದದ್ದನ್ನ 2020-21ಕ್ಕೆ 5ಕ್ಕೆ ಏರಿಸಿದ್ರು, ಅದ್ರಲ್ಲೂ ಒಂದಷ್ಟಕ್ಕೆ ಕಂಡೀಶನ್. ಅದಕ್ಕೇ ಆ ಅಕ್ಟೋಬರಲ್ಲಿ ಕೇಂದ್ರ ರಾಜ್ಯಗಳಿಗೆ 12,000 ಕೋಟಿ, 50 ವರ್ಷಕ್ಕೆ ಬಡ್ಡಿ ಇಲ್ಲದ ಸಾಲ ಕೊಟ್ಟು ಮಾರ್ಚ್ ಒಳಗೆ ಕಾಮಗಾರಿಗೇ ಖರ್ಚು ಮಾಡಿ ಅಂದದ್ದು. 2022-23ರ ಬಜೆಟಲ್ಲಿ ಅದನ್ನೇ 1 ಲಕ್ಷ ಕೋಟಿಗೆ ಏರಿಸಿದ್ರು. ಮಹಾರಾಷ್ಟ್ರ 2020ರಲ್ಲಿ ಕೆಲವು ತಿಂಗಳು ಸ್ಟ್ಯಾಂಪ್ ಡ್ಯೂಟಿ ಇಳಿಸಿದ್ದೂ ಉಂಟು, ಮುಂಬೈಯಲ್ಲಿ 5ರಿಂದ 2 ಪರ್ಸೆಂಟ್, ಆದ್ರೆ ಅದು ಫ್ಲಾಟ್ ತಗೊಳ್ಳೋ ತಾಕತ್ತಿದ್ದವರ ಮಾತು.

ನನಗೆ ಇಷ್ಟವಾದದ್ದು ಹಳೇ ಕಥೆ. 1972ರ ಬರದಲ್ಲಿ ಇಲ್ಲಿನ ವಿಧಾನ ಪರಿಷತ್ ಸಭಾಪತಿ ವಿ.ಎಸ್. ಪಾಗೆ ಅವರ ಯೋಚನೆಯ ರೋಜಗಾರ ಹಮಿ ಯೋಜನೆಯನ್ನ, ಅಂದ್ರೆ ಕೇಳಿದವರಿಗೆ ಕೆಲಸದ ಗ್ಯಾರಂಟಿ ಕೊಡೋದನ್ನ, ಮಹಾರಾಷ್ಟ್ರ ಎಲ್ಲ ಕಡೆ ಶುರು ಮಾಡ್ತು, ಹಳ್ಳಿ ಜನ ಜಲ್ಲಿ ಒಡೆದ್ರು, ರಸ್ತೆ ಹಾಕಿದ್ರು, ಕೂಲಿ ತಗೊಂಡ್ರು. ಅದಕ್ಕೆ ದುಡ್ಡು ಬೇಕಲ್ಲ, 1975ರಲ್ಲಿ ಪ್ರೊಫೆಷನ್ ಟ್ಯಾಕ್ಸ್ ತಂದ್ರು. ಇವತ್ತಿಗೂ ಇಲ್ಲಿನವರ ಸ್ಯಾಲರಿ ಸ್ಲಿಪ್ಪಲ್ಲಿ ತಿಂಗಳಿಗೆ 200, ಫೆಬ್ರವರೀಲಿ 300 ಕಟ್ ಆಗ್ತದಲ್ಲ, ಅದೇ. 2005ರ ನರೇಗಾಕ್ಕೆ ಅಜ್ಜ ಇದು.

ಇನ್ನು ಕಾಂಟ್ರಾಕ್ಟರ್ ಜೇಬು. ಘೋಷಣೆ ಆದ ದಿನ ಯಾರ ಜೇಬಿಗೂ ಏನೂ ಬರೋದಿಲ್ಲ, ಬಿಲ್ ಪಾಸಾದ ದಿನ ಬರ್ತದೆ. ಅದೇ ಕಾಲದಲ್ಲಿ ಗಟಾರದ ಕೆಲಸ ಹಿಡಿದಿದ್ದ ಒಬ್ಬ ಚಿಕ್ಕ ಕಾಂಟ್ರಾಕ್ಟರ್ ತನ್ನ ಆಳುಗಳ ಚಾ ತಿಂಡಿಯನ್ನ ನಮ್ಮಲ್ಲೇ ಉದ್ರಿ ಬರೆಸ್ತಿದ್ದ, ಬಿಲ್ ಆದ್ರೆ ಕೊಡ್ತೇನೆ ಅಂತ. ನಾಲ್ಕು ತಿಂಗಳು ಆಗ್ಲಿಲ್ಲ, ಆಳುಗಳು ಬಿಟ್ಟು ಹೋದ್ರು, ಆಮೇಲೆ ಅವನೂ ಕಾಣೆ. ಉದ್ರಿ ಪುಸ್ತಕದ ಆ ಪುಟದಲ್ಲಿ 3,860 ರೂಪಾಯಿ ಇನ್ನೂ ಹಾಗೇ ಕೂತಿದೆ.