429 ಕೋಟಿ ಚಿಲ್ಲರೆ ಇದೆ, ಕತೆ ಎಲ್ಲಿ ಮಾಸ್ತರೇ?

ನಮಸ್ಕಾರ ಮಾಸ್ತರೇ. ಹಾವೇರಿಯಿಂದ ನೀವು ಕಳಿಸಿದ ‘4294967297: ಒಂದು ಅದ್ಭುತ ಸಂಖ್ಯೆ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕೋಕೆ ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಆರು ಪುಟದಲ್ಲಿ ಮೂರು ಪುಟ ಬರೀ ಪಟ್ಟಿ. ಬೆಸ ಸಂಖ್ಯೆ, ಹತ್ತು ಅಂಕಿ, ಅದರಲ್ಲಿ ಮೂರು ಒಂಬತ್ತು, ಎಲ್ಲ ಕೂಡಿಸಿದರೆ 59. ಏನೀಗ? ನಮ್ಮ ಆಫೀಸಿನ ಕರೆಂಟ್ ಬಿಲ್ಲಿನ ನಂಬರಿಗೂ ಇಂಥ ಪಟ್ಟಿ ಮಾಡಬಹುದು ಅಲ್ವಾ? ‘ದೈವಿಕ’ ಅನ್ನುವ ಮಾತು ಐದು ಸಲ ಬಂದಿದೆ, ಐದನ್ನೂ ಹೊಡೆದು ಹಾಕಿ. ಇನ್ನೊಂದು ತಪ್ಪು: ಇಂಟರ್ನೆಟ್ಟಿನ ಹಳೇ 32 ಬಿಟ್ ವಿಳಾಸಗಳು ಒಟ್ಟು ಇಷ್ಟೇ ಅಂದಿದ್ದೀರಿ. ಅದು 4294967296. ನಿಮ್ಮದು ಅದಕ್ಕಿಂತ ಒಂದು ಜಾಸ್ತಿ, ಮತ್ತು ನಿಮ್ಮ ಲೇಖನ ಇರೋದೇ ಆ ಒಂದರಲ್ಲಿ.

ನೋಡಿ, 2ನ್ನು 1, 2, 4, 8, 16ನೇ ಘಾತಕ್ಕೆ ಏರಿಸಿ ಪ್ರತಿ ಸಲ ಒಂದು ಕೂಡಿಸಿದರೆ 3, 5, 17, 257, 65537 ಬರುತ್ತವೆ. ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂತ ಹದಿನೇಳನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. ಮುಂದಿನದೇ ನಿಮ್ಮ ಸಂಖ್ಯೆ. 1732ರಲ್ಲಿ, ಇಪ್ಪತ್ತೈದರ ಹುಡುಗ, ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು 641ರಿಂದ ಶೇಷವಿಲ್ಲದೆ ಭಾಗಿಸಿ, ಅದು ಅವಿಭಾಜ್ಯ ಅಲ್ಲ ಅಂತ ತೋರಿಸಿದ. ಇಂಥ ಘಟನೆಗೆ ನೀವು ಕೊಟ್ಟಿರೋದು ಒಂದೇ ಸಾಲು, ಅದೂ ಐದನೇ ಪುಟದಲ್ಲಿ!

641 ಎಲ್ಲಿಂದ ಬಂತು ಅಂತ ಓದುಗ ಕೇಳೇ ಕೇಳುತ್ತಾನೆ. ನಿಮ್ಮ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವನ್ನಾದರೂ 64ರಿಂದ ಭಾಗಿಸಿದರೆ 1 ಉಳಿಯಲೇಬೇಕು, ಹಾಗಾಗಿ ನೂರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ಬಿಟ್ಟು 193, 257, 449, 577 ನೋಡಿದರೆ ಸಾಕು, ಐದನೆಯದೇ 641. ನಾನು ಧಾರವಾಡದಲ್ಲಿ ಬಸ್ ಹತ್ತಿ, ನಿಮ್ಮ ಹಾಳೆಯ ಹಿಂದೆಯೇ ಭಾಗಾಕಾರ ಶುರು ಮಾಡಿದೆ. ನವನಗರದ ಹತ್ತಿರ ಕಳೆಯುವಾಗ ಒಂದು ಕಡೆ ತಪ್ಪಿತು, ಮತ್ತೆ ಮೊದಲಿಂದ ಮಾಡಿದೆ, ಉಣಕಲ್ ಕೆರೆ ದಾಟುವಷ್ಟರಲ್ಲಿ ಶೇಷ ಸೊನ್ನೆ. ಪಕ್ಕದಲ್ಲಿ ಕೂತಿದ್ದ ಅಜ್ಜ ‘ಏನ್ ಸಾಲದ ಲೆಕ್ಕ ಏನ್ರೀ?’ ಅಂದ.

ಎರಡು ವರ್ಗಗಳ ಮೊತ್ತದ ಮಾತು ಇರಲಿ, ಚೆನ್ನಾಗಿದೆ. 65536ರ ವರ್ಗಕ್ಕೆ 1 ಕೂಡಿಸಿದರೂ ಇದೇ, 62264 ಮತ್ತು 20449ರ ವರ್ಗ ಕೂಡಿಸಿದರೂ ಇದೇ. ಆದರೆ ಅವಿಭಾಜ್ಯವನ್ನು ಹೀಗೆ ಎರಡು ಬಗೆಯಲ್ಲಿ ಬರೆಯೋಕೆ ಬರಲ್ಲ, ಹಾಗಾಗಿ ನಿಮ್ಮ ಸಂಖ್ಯೆ ಅವಿಭಾಜ್ಯ ಅಲ್ಲ ಅನ್ನೋದಕ್ಕೆ ಇದೂ ಒಂದು ಸಾಕ್ಷಿ ಅಂತ ಹೇಳದೆ ಸುಮ್ನೆ ಬಿಟ್ಟಿದ್ದೀರಿ.

ಕೊನೆಯಲ್ಲಿ ‘ನನ್ನ ಒಂಬತ್ತನೇ ತರಗತಿ ಹುಡುಗಿಯೊಬ್ಬಳು ಇದನ್ನು ಬೋರ್ಡಿನ ಮೇಲೆ ಭಾಗಿಸಿದಳು’ ಅಂತ ಬರೆದು ಮುಗಿಸಿದ್ದೀರಲ್ಲ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಪ್ಪಿದಳು, ಹಿಂದಿನ ಬೆಂಚಿನವರು ಏನಂದರು? ಅದನ್ನು ಬರೆಯಿರಿ. ಮೂರು ಪುಟ ಸಾಕು.

ಅಂಕಿಗಳನ್ನು ಮಾತ್ರ ಇನ್ನೊಮ್ಮೆ ನೋಡಿ ಕಳಿಸಿ. ನಾಲ್ಕನೇ ಪುಟದಲ್ಲಿ, 641ರಿಂದ ಭಾಗಿಸಿದಾಗ ಬರುವ 6700417 ಇರಬೇಕಾದ ಕಡೆ 6704017 ಆಗಿದೆ.