ಕುಸ್ತಿ, ಜೂಡೊ ಆಡುವವರಿಗೆ ಲಿವರ್ ಎಷ್ಟು ಬೇಕು?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಎರಡು ವರ್ಷದಿಂದ ಜೂಡೊ ಕಲಿಯುತ್ತಿದ್ದು, 48 ಕೆ.ಜಿ. ವಿಭಾಗದಲ್ಲಿ ಆಡುತ್ತಾಳೆ. ಈಚೆಗೆ ಅಭ್ಯಾಸದ ನಡುವೆಯೇ ಏದುಸಿರು ಬಂದು ಕುಳಿತುಬಿಡುತ್ತಾಳೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.8 ಬಂದಿದೆ. ತರಬೇತುದಾರರು ಕುರಿ ಲಿವರ್ ತಿನ್ನಿಸಿ ಎನ್ನುತ್ತಾರೆ. ನಮ್ಮ ಅತ್ತೆಯವರು ಅದು ಉಷ್ಣ, ಬೆಳೆಯುವ ಹುಡುಗಿಗೆ ಬೇಡ ಎನ್ನುತ್ತಾರೆ. ಏನು ಮಾಡಲಿ?
– ಗೃಹಿಣಿ, ಸಿರುಗುಪ್ಪ

ಉತ್ತರ: ತಾಯಿ, ಮಟನ್ ಅಂಗಡಿಗೆ ಹೋಗುವ ಮೊದಲು ಮಗಳನ್ನು ವೈದ್ಯರ ಬಳಿ ಕರೆದೊಯ್ಯಿರಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, 9.8 ಎಂದರೆ ಮಧ್ಯಮ ಪ್ರಮಾಣದ್ದು. ಇದನ್ನು ಕೇವಲ ಊಟದಿಂದ ಸರಿಪಡಿಸಲು ಹೊರಟರೆ ಒಂದು ಇಡೀ ಸ್ಪರ್ಧಾ ಋತು ಕೈತಪ್ಪಿ ಹೋಗುತ್ತದೆ. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ, ಹಿಮೋಗ್ಲೋಬಿನ್ ಏರಿತೆಂದು ನಡುವೆ ನಿಲ್ಲಿಸಬೇಡಿ. ದೇಹದ ಸಂಗ್ರಹ ತುಂಬಿಕೊಳ್ಳಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಬೇಕಾಗುತ್ತದೆ. ಮುಟ್ಟಿನ ಸ್ರಾವ ಹೆಚ್ಚಿದೆಯೇ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ.

ಇನ್ನು ಲಿವರ್ ವಿಷಯದಲ್ಲಿ ತರಬೇತುದಾರರ ಮಾತು ಸರಿಯಾಗಿದೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ಮಕ್ಕಳು ಕುಸ್ತಿ, ಜೂಡೊ, ಬಾಕ್ಸಿಂಗ್ ಕಲಿಯುವುದನ್ನು ನೋಡುತ್ತಿರುವ ನಮ್ಮ ಭಾಗದ ತಂದೆತಾಯಂದಿರು ದುಬಾರಿ ಪ್ರೋಟೀನ್ ಪುಡಿಯ ಡಬ್ಬಗಳತ್ತ ಕೈಚಾಚುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಏಕೆಂದರೆ ಓಣಿಯ ಅಂಗಡಿಯಲ್ಲಿ ಸಿಗುವ 100 ಗ್ರಾಂ ಹಸಿ ಕುರಿ ಲಿವರ್‌ನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, 7 ಮಿ.ಗ್ರಾಂ. ಕಬ್ಬಿಣ, ದಿನದ ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಿ12, ಜೊತೆಗೆ ಫೋಲೇಟ್, ಸತು, ತಾಮ್ರ ಇವೆ. ಕ್ಯಾಲೊರಿ ಮಾತ್ರ 140ರ ಆಸುಪಾಸು. ತೂಕ ಕಾಯ್ದುಕೊಳ್ಳಲು ಊಟವನ್ನೇ ತಗ್ಗಿಸುವ ಆಟಗಾರ್ತಿಗೆ ಸ್ವಲ್ಪದರಲ್ಲೇ ಇಷ್ಟು ಪೋಷಣೆ ದೊರೆಯುವುದು ದೊಡ್ಡ ಮಾತು. ಹಿಡಿತ ಹಾಕಿ ಎದುರಾಳಿಯನ್ನು ಎಳೆದಾಡುವಾಗ ಸ್ನಾಯುಗಳಿಗೆ ಆಮ್ಲಜನಕ ತಲುಪಿಸುವುದು ರಕ್ತದಲ್ಲಿರುವ ಕಬ್ಬಿಣವೇ. ಬೆವರಿನಲ್ಲಿ, ಮುಟ್ಟಿನಲ್ಲಿ ಅದು ನಷ್ಟವಾಗುತ್ತಲೇ ಇರುತ್ತದೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ., ಪುರುಷರಿಗೆ 19 ಮಿ.ಗ್ರಾಂ. ಕಬ್ಬಿಣ ಬೇಕೆಂದು ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಹೇಳುತ್ತದೆ. ಅತ್ತೆಯವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಮನೆಯಲ್ಲಿ ಕಬ್ಬಿಣದ ಅಗತ್ಯ ಎಲ್ಲರಿಗಿಂತ ಹೆಚ್ಚಿರುವುದು ಈ ಹುಡುಗಿಗೇ ಎಂಬುದನ್ನು ಅವರಿಗೆ ಸಮಾಧಾನವಾಗಿ ತಿಳಿಸಿ.

ಮಾಂಸದ ಕಬ್ಬಿಣದಲ್ಲಿ ಒಂದು ಪಾಲು ಹೀಮ್ ರೂಪದಲ್ಲಿದ್ದು, ಕಾಳು ಸೊಪ್ಪುಗಳ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಇನ್ನೂ ಸಂತೋಷದ ಸಂಗತಿಯೆಂದರೆ, ಜೋಳದ ರೊಟ್ಟಿಯ ಜೊತೆಗೆ ಸ್ವಲ್ಪ ಮಾಂಸವಿದ್ದರೆ ಜೋಳದಲ್ಲಿರುವ ಕಬ್ಬಿಣವೂ ಹೆಚ್ಚಾಗಿ ಹೀರಲ್ಪಡುತ್ತದೆ. ಮೇಲೆ ನಿಂಬೆಹಣ್ಣು ಹಿಂಡಿ. ಊಟವಾದ ಕೂಡಲೇ ಚಹಾ ಕೊಡಬೇಡಿ, ಒಂದು ಗಂಟೆಯಾದರೂ ಕಳೆಯಲಿ. ಕಠಿಣ ಅಭ್ಯಾಸ ಮುಗಿದ ಮೂರರಿಂದ ಆರು ಗಂಟೆಗಳ ಹೊತ್ತಿಗೆ ಕಬ್ಬಿಣವನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿರುತ್ತದೆ. ಆದ್ದರಿಂದ ಅಭ್ಯಾಸಕ್ಕೆ ರಜೆಯಿರುವ ಭಾನುವಾರದ ಮಧ್ಯಾಹ್ನದ ಊಟವೇ ಇದಕ್ಕೆ ಒಳ್ಳೆಯ ಸಮಯ.

ಪ್ರಮಾಣ ವಾರಕ್ಕೊಮ್ಮೆ 75 ಗ್ರಾಂ, ಎಂದರೆ ಮಗಳ ಅಂಗೈ ತುಂಬುವಷ್ಟು; ಅದಕ್ಕಿಂತ ಹೆಚ್ಚು ಬೇಡ. ಕಾರಣವನ್ನು ಮುಂದಿನ ಉತ್ತರದಲ್ಲಿ ಓದಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರಿಗೆ ಬಡಿಸಬೇಡಿ, ಅದರಲ್ಲಿರುವ ಅಧಿಕ ಎ ಜೀವಸತ್ವ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು.

ಅಂಗಡಿಯಲ್ಲಿ ಲಿವರನ್ನು ಎದುರಿಗೇ ಕತ್ತರಿಸಲು ಹೇಳಿ. ಕಡುಗೆಂಪಾಗಿ, ಹೊಳಪಾಗಿ, ಬೆರಳಿಟ್ಟರೆ ಬಿಗಿಯಾಗಿರಬೇಕು. ನೀರು ತುಂಬಿದ ಬಿಳಿಯ ಗುಳ್ಳೆಗಳು ಕಂಡರೆ ಅದು ಹೈಡಾಟಿಡ್ ಎಂಬ ಲಾಡಿಹುಳದ ಚೀಲ; ಅಂಥದನ್ನು ಕೊಳ್ಳಬೇಡಿ, ನಾಯಿಗೆ ಎಸೆಯಲೂ ಬಿಡಬೇಡಿ. ನಾಯಿ ತಿಂದರೆ ಹುಳ ಅದರ ಹೊಟ್ಟೆಯಲ್ಲಿ ಬೆಳೆದು, ಮಲದ ಮೂಲಕ ಮೊಟ್ಟೆಗಳು ಓಣಿಯ ಮಕ್ಕಳ ಕೈಬಾಯಿಗೆ ತಲುಪುತ್ತವೆ. ಮನೆಗೆ ತಂದ ಲಿವರ್‌ನ ಮೇಲಿನ ತೆಳುಪೊರೆ ಸುಲಿದು, ಅರಿಶಿನ, ಶುಂಠಿ, ಬೆಳ್ಳುಳ್ಳಿ, ಮೆಣಸಿನೊಂದಿಗೆ ಹುರಿಯಿರಿ. ತುಂಡನ್ನು ಮುರಿದರೆ ಒಳಗೆ ಕೆಂಪು ಉಳಿದಿರಬಾರದು.

ಪ್ರಶ್ನೆ: ನಾನು ಕುಸ್ತಿ ಆಡುತ್ತೇನೆ. ಶಕ್ತಿಗಾಗಿ ಆರು ತಿಂಗಳಿಂದ ದಿನವೂ ಕಾಲು ಕೆ.ಜಿ. ಕುರಿ ಲಿವರ್ ತಿನ್ನುತ್ತಿದ್ದೇನೆ, ಕಾಡ್ ಲಿವರ್ ಎಣ್ಣೆಯ ಮಾತ್ರೆಯನ್ನೂ ನುಂಗುತ್ತೇನೆ. ತುಟಿ ಒಡೆಯುತ್ತಿದೆ, ತಲೆನೋವು ಬರುತ್ತಿದೆ. ಬಿಸಿಲಿನ ಪರಿಣಾಮವಿರಬಹುದೇ?
– ಓದುಗರು, ಗಂಗಾವತಿ

ಉತ್ತರ: ಇಂದೇ ಎರಡನ್ನೂ ನಿಲ್ಲಿಸಿ, ಈ ವಾರದೊಳಗೆ ವೈದ್ಯರನ್ನು ಕಂಡು ಯಕೃತ್ತಿನ ಪರೀಕ್ಷೆ ಮಾಡಿಸಿ. ವೈದ್ಯರಿಗೆ ನೀವು ತಿಂದ ಪ್ರಮಾಣವನ್ನು ಮುಚ್ಚಿಡದೆ ಹೇಳಿ. ಗಂಗಾವತಿಯ ಬಿಸಿಲಿಗೂ ತುಟಿ ಒಡೆಯುವುದುಂಟು. ಆದರೆ ನಿಮ್ಮ ಲೆಕ್ಕ ನೋಡಿದರೆ ನನಗೆ ಆತಂಕವಾಗುತ್ತದೆ. 100 ಗ್ರಾಂ ಕುರಿ ಲಿವರ್‌ನಲ್ಲಿ ಸುಮಾರು 7000 ಮೈಕ್ರೊಗ್ರಾಂ ಎ ಜೀವಸತ್ವ ಇರುತ್ತದೆ. ಕಾಲು ಕೆ.ಜಿ.ಗೆ ಅದು 17,500 ಆಯಿತು. ವಯಸ್ಕರಿಗೆ ದಿನಕ್ಕೆ 3000 ಮೈಕ್ರೊಗ್ರಾಂ ಮೇಲ್ಮಿತಿ. ಅದರ ಮೇಲೆ ಮಾತ್ರೆಯಲ್ಲಿಯೂ ಅದೇ ಜೀವಸತ್ವ ಇದೆ. ಬಿ, ಸಿ ಜೀವಸತ್ವಗಳ ಹೆಚ್ಚುವರಿ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಎ ಹಾಗಲ್ಲ, ಕುರಿಯಲ್ಲಿ ಕೂಡಿಟ್ಟುಕೊಂಡಂತೆಯೇ ನಿಮ್ಮ ಯಕೃತ್ತಿನಲ್ಲೂ ಕೂಡಿಕೊಳ್ಳುತ್ತಾ ಹೋಗುತ್ತದೆ. ತಲೆನೋವು, ಒಣ ಚರ್ಮ, ಕೂದಲುದುರುವುದು, ಮೂಳೆ ನೋವು, ಕೊನೆಗೆ ಯಕೃತ್ತಿಗೇ ಪೆಟ್ಟು – ಅತಿಯಾದಾಗ ಆಗುವುದು ಇದು. ಬ್ರಿಟನ್ನಿನ ಆರೋಗ್ಯ ಸೇವೆಯೂ ವಾರಕ್ಕೆ ಒಮ್ಮೆಗಿಂತ ಹೆಚ್ಚು ಲಿವರ್ ತಿನ್ನಬೇಡಿ ಎಂದೇ ಸಲಹೆ ನೀಡುತ್ತದೆ.

ವೈದ್ಯರು ಒಪ್ಪಿದ ಮೇಲೆ ಪ್ರೋಟೀನಿಗೆ ಕುರಿಯ ಗುಂಡಿಗೆಯನ್ನು ಆರಿಸಿಕೊಳ್ಳಬಹುದು. ಅದು ದಿನವಿಡೀ ಬಡಿಯುವ ಸ್ನಾಯು. ಪ್ರೋಟೀನ್, ಬಿ12 ಚೆನ್ನಾಗಿದ್ದು ಎ ಜೀವಸತ್ವ ನಗಣ್ಯ. ಉಳಿದ ದಿನಗಳಿಗೆ ಮೊಟ್ಟೆ, ಮೊಸರು, ಬೇಳೆ, ಕೋಳಿಮಾಂಸ ಸಾಕು. ಕುಟುಂಬದಲ್ಲಿ ಯಾರಿಗಾದರೂ ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಇದ್ದರೆ ಯೂರಿಕ್ ಆಮ್ಲವನ್ನೂ ಪರೀಕ್ಷಿಸಿಕೊಳ್ಳಿ, ಅಂಗಮಾಂಸಗಳೆಲ್ಲವೂ ಅದನ್ನು ಏರಿಸುತ್ತವೆ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಕೀಲು ಗಟ್ಟಿ, ಭೇಜಾ ತಿಂದರೆ ಬುದ್ಧಿ ಚುರುಕು ಎನ್ನುತ್ತಾರೆ. ಕರಾಟೆ ಕಲಿಯುವ ಮಗನಿಗೆ ಕೊಡಬಹುದೇ?
– ಓದುಗರು, ರಾಯಚೂರು

ಉತ್ತರ: ಕಾಲು ಸೂಪ್ ಕೊಡಿ, ಬೆವರಿ ಬಂದವನಿಗೆ ನೀರು, ಉಪ್ಪು ಎರಡೂ ದೊರೆಯುತ್ತವೆ. ಆದರೆ ಅದರ ಪ್ರೋಟೀನ್ ಹೆಚ್ಚಾಗಿ ಮೂಳೆ, ಚರ್ಮಗಳಲ್ಲಿರುವ ಕೊಲಾಜೆನ್. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಅದರಲ್ಲಿ ಇಲ್ಲದಿರುವುದರಿಂದ ಸ್ನಾಯು ಕಟ್ಟಲು ಅದೊಂದೇ ಸಾಲದು. ಸೂಪಿನ ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಇಡಿ. ಭೇಜಾದ 100 ಗ್ರಾಂನಲ್ಲಿ ಕೊಲೆಸ್ಟರಾಲ್ 1300 ಮಿ.ಗ್ರಾಂ. ದಾಟುತ್ತದೆ, ಅಂದರೆ ಸುಮಾರು ಏಳು ಮೊಟ್ಟೆಗಳಷ್ಟು. ಹಬ್ಬಕ್ಕೊಮ್ಮೆ ಎರಡು ತುತ್ತು ತಿಂದರೆ ತೊಂದರೆಯಿಲ್ಲ. ಬುದ್ಧಿ ಚುರುಕಾಗಲೆಂದು ವಾರವಾರವೂ ಕೊಡಬೇಡಿ.