ಜೆಎಸ್ ಕಬಿಲಿ: ಹೆಸರು ಬದಲಾದಾಗಲೆಲ್ಲ ಹೊಸ ಪುಟ ಮಾಡಬೇಕಾ?

ಮಾಡಬೇಡಿ, ದಯವಿಟ್ಟು. ಅಲ್ಜೀರಿಯಾದ ಈ ಫುಟ್‌ಬಾಲ್ ಕ್ಲಬ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೀರಿ. ಹಳೆಯ ಪಟ್ಟಿಗಳಲ್ಲಿ ಮೂರು ಹೆಸರು ಸಿಕ್ಕಿವೆ: ಜೆಎಸ್ ಕಬಿಲಿ (ಚಿಕ್ಕದಾಗಿ ಜೆಎಸ್‌ಕೆ), ಜೆಇ ಟಿಝಿ ಊಝು (ಜೆಇಟಿ), ಜಮಿಯತ್ ಸರಿ ಕೌಕಬಿ. ಮೂರಕ್ಕೂ ಬೇರೆ ಪುಟ ಬೇಕಾ, ಒಂದೇ ಸಾಕಾ, ರಾಜಕೀಯ ಬಿಟ್ಟು ಆಟವಷ್ಟೇ ಬರೆದರೆ ನಡೆಯುತ್ತಾ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ನನ್ನ ಮೇಜಿಗೂ ಬಂದಿತ್ತು. ನಾನು ಬೇರೆ ಬೇರೆ ಮಾಡಿದೆ. ಕೆಲಸ ಹೋಯಿತು.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಗುತ್ತಿಗೆ ಮೇಲೆ ಇದ್ದೆ. ಆಟಗಳ ಅಂಕಿಅಂಶ ಸೇರಿಸಿ ಹೊರದೇಶದ ಗ್ರಾಹಕರಿಗೆ ಕೊಡುವ ಕಂಪನಿ. ಆಫ್ರಿಕಾದ ಹಳೆಯ ಟೂರ್ನಿಗಳು ನನ್ನ ಪಾಲಿಗೆ ಬಂದಿದ್ದವು. ಪ್ರತಿ ತಂಡಕ್ಕೂ ಒಂದು ಐಡಿ ಇರುತ್ತಿತ್ತು. ಆಡಿದ ಪಂದ್ಯ, ಗೆದ್ದ ಕಪ್, ಆಟಗಾರರು, ಎಲ್ಲ ಆ ಐಡಿಯ ಕೆಳಗೆ ಸೇರುತ್ತಿದ್ದವು. ತಂಡದ ಹೆಸರೂ ಬದಲಾಗಿ, ಅದನ್ನು ನಡೆಸುವವರೂ ಬದಲಾಗಿದ್ದರೆ ಹೊಸ ಐಡಿ ತೆರೆಯಬೇಕು. ಇದು ಅಲ್ಲಿನ ನಿಯಮ.

1981ರ ಆಫ್ರಿಕನ್ ಚಾಂಪಿಯನ್ಸ್ ಕಪ್ ನಮೂದಿಸುವಾಗ ವಿಜೇತರ ಜಾಗದಲ್ಲಿ 'ಜೆಇ ಟಿಝಿ ಊಝು' ಎಂದಿತ್ತು. ಪೂರ್ತಿ ಹೆಸರು ಜೆನೆಸ್ ಎಲೆಕ್ಟ್ರಾನಿಕ್ ದ ಟಿಝಿ ಊಝು. ಹೆಸರಿನಲ್ಲೇ ಎಲೆಕ್ಟ್ರಾನಿಕ್ ಇದೆ, ಹಿಂದೆ ಸರ್ಕಾರಿ ಉದ್ಯಮ ಇದೆ. ನಾನು ಬೆಂಗಳೂರಿನವನು. ಐಟಿಐ, ಎಚ್‌ಎಎಲ್ ತಂಡಗಳ ಕಥೆ ಕೇಳಿಕೊಂಡೇ ಬೆಳೆದವನು. 1977ರ ಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ಐಟಿಐ. ಹಾಗಾಗಿ ಇದೂ ಒಂದು ಕಾರ್ಖಾನೆ ತಂಡ ಎಂದುಕೊಂಡೆ. ಹೊಸ ಐಡಿ ತೆರೆದೆ. ಜೆಎಸ್ ಕಬಿಲಿಗೆ ಬೇರೆ ಐಡಿ ಮೊದಲೇ ಇತ್ತು. 'ಸ್ಥಿತಿ' ಕಾಲಂನಲ್ಲಿ ಜೆಇಟಿ ಎದುರು 'ವಿಸರ್ಜಿತ' ಎಂದು ಹಾಕಿದೆ.

ಇಲ್ಲಿ ಸ್ವಲ್ಪ ಜಾಸ್ತಿಯೇ ವಿವರಿಸುತ್ತೇನೆ. ನೀವೂ ಇಲ್ಲೇ ಎಡವುವ ಸಾಧ್ಯತೆ ಇದೆ.

ಅದೇ ವಾರ ನಾನು ರಾಜಧಾನಿ ಅಲ್ಜಿಯರ್ಸ್‌ನ ಎಂಸಿ ಅಲ್ಜೆರ್ (ಎಂ ಅಂದರೆ ಮೌಲೂದಿಯಾ) ಕ್ಲಬ್ಬನ್ನೂ ನಮೂದಿಸಿದ್ದೆ. ಅದೂ 1977ರ ನಂತರ 'ಮೌಲೂದಿಯಾ ಪೆಟ್ರೋಲಿಯೆ ದಾಲ್ಜೆರ್' ಆಗಿತ್ತು, ತೈಲ ಕಂಪನಿ ಸೋನಾಟ್ರಾಕ್‌ನ ನೆರಳಲ್ಲಿ. ಸೆಟಿಫ್ ಊರಿನ ಕ್ಲಬ್ಬಿಗೂ 'ಪೆಟ್ರೋಲಿಯೆ' ಅಂಟಿಕೊಂಡಿತ್ತು. ಆ ಎರಡಕ್ಕೂ ನಾನು ಹೊಸ ಐಡಿ ಮಾಡಲಿಲ್ಲ. ಯಾಕೆಂದರೆ 'ಮೌಲೂದಿಯಾ' ಉಳಿದಿತ್ತು, ಸೆಟಿಫ್ ಉಳಿದಿತ್ತು. ಕಣ್ಣಿಗೆ ಒಂದೇ ಕ್ಲಬ್ ಎಂದು ಕಂಡಿತು. ಜೆಎಸ್ ಕಬಿಲಿಯಲ್ಲಿ ಮಾತ್ರ 'ಕಬಿಲಿ' ಹೋಗಿ 'ಟಿಝಿ ಊಝು' ಬಂದಿತ್ತು. ಪ್ರದೇಶದ ಹೆಸರು ಹೋಗಿ ಅದರ ಮುಖ್ಯ ಊರಿನ ಹೆಸರು ಬಂದದ್ದು ಯಾಕೆ ಎಂದು ನಾನು ಕೇಳಲೇ ಇಲ್ಲ. ಅದೇ ನಿಜವಾದ ತಪ್ಪು. ನಿಯಮ ಪಾಲಿಸಿದ್ದು ತಪ್ಪಲ್ಲ. ಕ್ಲಬ್‌ಗಳನ್ನು ಸರ್ಕಾರಿ ಉದ್ಯಮಗಳಿಗೆ ಒಪ್ಪಿಸಿದ 1977ರ ಒಂದೇ ಸುಧಾರಣೆಯಲ್ಲಿ ಬದಲಾದ ಮೂರು ಕ್ಲಬ್‌ಗಳಲ್ಲಿ ಎರಡಕ್ಕೆ ಒಂದು ನ್ಯಾಯ, ಮೂರನೆಯದಕ್ಕೆ ಇನ್ನೊಂದು ನ್ಯಾಯ ಮಾಡಿದ್ದೆ.

ಸಾಕ್ಷಿ ನನ್ನ ಪರದೆಯ ಮೇಲೇ ಇತ್ತು. ಪೋಲೆಂಡಿನ ಕೋಚ್ ಸ್ಟೆಫಾನ್ ಝಿವೋಟ್ಕೊ 1977ರಿಂದ 1991ರವರೆಗೆ ಟಿಝಿ ಊಝುವಿನಲ್ಲೇ ಇದ್ದರು. ಬಹುಕಾಲ ಅವರ ಜೊತೆ ಇನ್ನೊಬ್ಬ ಕೋಚ್ ಮಹಿಯೆದ್ದೀನ್ ಖಾಲೆಫ್ ಇದ್ದರು. ನನ್ನ ಕೋಷ್ಟಕದಲ್ಲಿ ಇಬ್ಬರೂ ಕೆಲಸ ಬಿಡದೆ, ಊರು ಬಿಡದೆ, ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ಹಾರಿದ್ದರು. ಆಟಗಾರರೂ ಅಷ್ಟೇ. ಜರ್ಸಿ ಹಳದಿ-ಹಸಿರು, ಆಗಲೂ ಈಗಲೂ.

ಫಲಿತಾಂಶ ಏನಾಯಿತು ಗೊತ್ತಾ? 14 ಲೀಗ್ ಪ್ರಶಸ್ತಿ ಗೆದ್ದ ಕ್ಲಬ್‌ನ ಲೆಕ್ಕದಿಂದ 1980, 1982, 1983, 1985, 1986 ಮಾಯವಾದವು. ಎರಡು ಬಾರಿಯ ಆಫ್ರಿಕನ್ ಚಾಂಪಿಯನ್ ಒಂದೇ ಬಾರಿಯ ಚಾಂಪಿಯನ್ ಆಯಿತು. ಫ್ರಾನ್ಸಿನಲ್ಲಿರುವ ಕಬಿಲಿ ಜನ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಈ ಕ್ಲಬ್ ಅವರಿಗೆ ಪ್ರಾಣ. ಅವರಿಂದ ಗ್ರಾಹಕ ಕಂಪನಿಗೆ ದೂರುಗಳು ಹೋದವು. ಅದರಲ್ಲಿ ಒಂದನ್ನು ನನಗೂ ಕಳಿಸಿದರು. 'ನೀವು ನಮ್ಮ ಹೆಸರನ್ನು ಎರಡನೇ ಸಲ ಅಳಿಸಿದ್ದೀರಿ' ಎಂದು ಅದರಲ್ಲಿತ್ತು. ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಆದರೆ ಆ ಸಾಲು ಏನು ಹೇಳುತ್ತಿದೆ ಎಂದು ತಿಳಿಯಲು ಆಮೇಲೆ ಕೂತು ಓದಿದೆ.

ಕಬಿಲಿ ಅಲ್ಜಿಯರ್ಸ್‌ಗೆ ಪೂರ್ವದ ಗುಡ್ಡಗಾಡು. ಅಲ್ಲಿನ ಜನರ ಮಾತು ಅರಬ್ಬಿ ಅಲ್ಲ, ಕಬಿಲಿ, ಅಂದರೆ ತಮಾಝಿಗ್ತ್ (ಬರ್ಬರ್) ನುಡಿಗಳಲ್ಲಿ ಒಂದು. ಕ್ಲಬ್ ಹುಟ್ಟಿದ್ದು 1946ರಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿ. 1956ರಲ್ಲಿ ಸ್ವಾತಂತ್ರ್ಯ ಹೋರಾಟದ ಕರೆಗೆ ಓಗೊಟ್ಟು ಅಲ್ಜೀರಿಯನ್ನರ ಕ್ಲಬ್‌ಗಳು ಸ್ಪರ್ಧೆಯಿಂದ ಹಿಂದೆ ಸರಿದವು. 1962ರಲ್ಲಿ ದೇಶ ಸ್ವತಂತ್ರವಾದ ಮೇಲೆ ಮತ್ತೆ ಆಟ ಶುರು. 1973ರಲ್ಲಿ ಮೊದಲ ಲೀಗ್ ಪ್ರಶಸ್ತಿ, ಮರುವರ್ಷ ಎರಡನೆಯದು.

ಆ ಹೊತ್ತಿಗೆ ಅಧ್ಯಕ್ಷ ಬೂಮೆದಿಯನ್ ಸರ್ಕಾರ ದೇಶವನ್ನು ಅರಬ್ಬಿಮಯ ಮಾಡಲು ಹೊರಟಿತ್ತು. ಕ್ಲಬ್ ಹೆಸರಿನಲ್ಲಿ 'ಕಬಿಲಿ' ಇರುವುದು ಅದಕ್ಕೆ ಹಿಡಿಸಲಿಲ್ಲ. 1970ರ ದಶಕದ ನಡುವೆ ಕ್ಲಬ್ 'ಜಮಿಯತ್ ಸರಿ ಕೌಕಬಿ' ಆಯಿತು. ಜೆ, ಎಸ್, ಕೆ ಅಕ್ಷರಗಳು ಮಾತ್ರ ಹಾಗೇ ಉಳಿದವು. ನಿಮ್ಮ ಪಟ್ಟಿಯ ಮೂರನೇ ಹೆಸರು ಇದೇ.

1977ರ ಜೂನ್‌ನಲ್ಲಿ ಅಲ್ಜಿಯರ್ಸ್‌ನಲ್ಲಿ ಅಲ್ಜೀರಿಯನ್ ಕಪ್ ಫೈನಲ್. ಎದುರಾಳಿ ಎನ್‌ಎ ಹುಸೇನ್ ದೇ. ಬೂಮೆದಿಯನ್ ಗ್ಯಾಲರಿಯಲ್ಲೇ ಕೂತಿದ್ದರು. ಕಬಿಲಿಯಿಂದ ಬಂದ ಜನ ಅವರೆದುರೇ ತಮ್ಮ ನುಡಿಯಲ್ಲಿ, ತಮ್ಮ ಗುರುತಿಗಾಗಿ ಘೋಷಣೆ ಕೂಗಿದರು. ಬೀದಿಯಲ್ಲಿ ಕೂಗಿದರೆ ಜೈಲು. ಸಾವಿರಾರು ಜನ ಒಟ್ಟಿಗೆ ಕೂಗಬಹುದಾದ ಜಾಗ ಎಂದರೆ ಕ್ರೀಡಾಂಗಣವೇ. ಜೆಎಸ್‌ಕೆ 2–1ರಿಂದ ಗೆದ್ದಿತು. ಆ ವರ್ಷ ಲೀಗೂ ಅವರದೇ. ಅದೇ ವರ್ಷ ಕ್ಲಬ್‌ಗಳನ್ನು ಸರ್ಕಾರಿ ಉದ್ಯಮಗಳ ಕೈಗೆ ಕೊಡುವ ಸುಧಾರಣೆ ಬಂತು. ಉಳಿದಿದ್ದ 'ಎಸ್', 'ಕೆ' ಅಕ್ಷರಗಳೂ ಹೋದವು. ಜೆಎಸ್‌ಕೆ ಜೆಇಟಿ ಆಯಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಆ ಸುಧಾರಣೆಯಿಂದ ಆಟಗಾರರಿಗೆ ಸಂಬಳ, ನೌಕರಿ, ತರಬೇತಿಗೆ ಸಮಯ ಸಿಕ್ಕಿತು. ಜೆಇಟಿ ಕಾಲ ಕ್ಲಬ್‌ನ ಚಿನ್ನದ ಕಾಲವೂ ಹೌದು. 1981ರ ಆಫ್ರಿಕನ್ ಫೈನಲ್‌ನಲ್ಲಿ ಝೈರ್‌ನ (ಈಗಿನ ಡಿಆರ್ ಕಾಂಗೋ) ವೀಟಾ ಕ್ಲಬ್ಬನ್ನು ಮನೆಯಂಗಳದಲ್ಲಿ 4–0, ಕಿನ್ಶಾಸಾದಲ್ಲಿ 1–0ರಿಂದ ಸೋಲಿಸಿತು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು 2–1ರಿಂದ ಮಣಿಸಿದಾಗ ನಾಯಕ ಅಲಿ ಫೆರ್ಗಾನಿ ಜೆಇಟಿ ಆಟಗಾರ, ಕೋಚ್ ಅದೇ ಖಾಲೆಫ್.

ಈ ಗೆಲುವುಗಳ ನಡುವೆಯೇ 1980 ಇದೆ. ಮಾರ್ಚ್‌ನಲ್ಲಿ ಟಿಝಿ ಊಝು ವಿಶ್ವವಿದ್ಯಾಲಯದಲ್ಲಿ ಲೇಖಕ ಮೌಲೂದ್ ಮಮ್ಮೇರಿ ಹಳೆಯ ಕಬಿಲಿ ಕಾವ್ಯದ ಬಗ್ಗೆ ಮಾತಾಡಬೇಕಿತ್ತು. ಸರ್ಕಾರ ತಡೆಯಿತು. ಊರು ಎದ್ದಿತು. ಏಪ್ರಿಲ್ 20ರಂದು ಪೊಲೀಸರು ವಿಶ್ವವಿದ್ಯಾಲಯಕ್ಕೆ ನುಗ್ಗಿದರು. ಲೀಗ್ ಗೆದ್ದದ್ದು ಅದೇ ಊರು, ಅದೇ ವರ್ಷ. ಹಾಗಾದರೆ ರಾಜಕೀಯ ಬಿಟ್ಟು ಆಟವಷ್ಟೇ ಬರೆಯಲೇ ಎಂಬ ನಿಮ್ಮ ಪ್ರಶ್ನೆಗೆ ನಾನು ಏನು ಹೇಳಲಿ? ಹೆಸರು ಯಾಕೆ ಬದಲಾಯಿತು ಎಂದು ಬರೆಯದೆ ಹೆಸರು ಬದಲಾಯಿತು ಎಂದಷ್ಟೇ ಬರೆದರೆ, ಅದೂ ಒಂದು ಪಕ್ಷ ಹಿಡಿದಂತೆಯೇ. ಬದಲಾಯಿಸಿದವರ ಪಕ್ಷ.

1980ರ ದಶಕದ ಕೊನೆಗೆ ಹಳೆಯ ಹೆಸರು ಮರಳಿತು. 1990ರ ಆಫ್ರಿಕನ್ ಕಪ್ಪನ್ನು ಜೆಎಸ್ ಕಬಿಲಿಯಾಗಿಯೇ ಗೆದ್ದರು. ಜಾಂಬಿಯಾದ ಎನ್‌ಕಾನಾ ರೆಡ್ ಡೆವಿಲ್ಸ್ ವಿರುದ್ಧ ಮನೆಯಲ್ಲಿ 1–0, ಲುಸಾಕಾದಲ್ಲಿ 0–1, ಪೆನಾಲ್ಟಿಯಲ್ಲಿ ಗೆಲುವು. ನನ್ನ ಕೋಷ್ಟಕದಲ್ಲಿ ಇದು ಅವರ 'ಮೊದಲ' ಆಫ್ರಿಕನ್ ಕಪ್ ಆಗಿತ್ತು. ಆ ಜನಕ್ಕೆ ಎಷ್ಟು ನೋವಾಗಿರಬೇಕು ನೋಡಿ. ಮುಂದೆ 1995ರಲ್ಲಿ ಆಫ್ರಿಕನ್ ಕಪ್ ವಿನ್ನರ್ಸ್ ಕಪ್, 2000ದಿಂದ 2002ರವರೆಗೆ ಆಫ್ರಿಕನ್ ಒಕ್ಕೂಟದ ಇನ್ನೊಂದು ಟೂರ್ನಿಯಾದ ಸಿಎಎಫ್ ಕಪ್ ಸತತ ಮೂರು ಸಲ. ಕೊನೆಯ ಲೀಗ್ ಪ್ರಶಸ್ತಿ 2008ರದ್ದು.

ಕ್ಲಬ್ ಮೇಲಿನ ಪ್ರೀತಿಗೆ ಕಹಿಯನ್ನು ಮುಚ್ಚಿಡಬೇಡಿ. 2014ರ ಆಗಸ್ಟ್ 23ರಂದು ಟಿಝಿ ಊಝುವಿನಲ್ಲೇ ಯುಎಸ್‌ಎಂ ಅಲ್ಜೆರ್ ವಿರುದ್ಧ ಸೋತ ಪಂದ್ಯ ಮುಗಿದ ಮೇಲೆ ಕ್ಲಬ್‌ನ ಕ್ಯಾಮರೂನ್ ಆಟಗಾರ ಆಲ್ಬರ್ಟ್ ಎಬೊಸ್ಸೆ ಮೃತಪಟ್ಟರು. ಗ್ಯಾಲರಿಯಿಂದ ಎಸೆದ ವಸ್ತು ತಗುಲಿ ಎಂದು ಅಧಿಕಾರಿಗಳು ಹೇಳಿದರು. ಹಿಂದಿನ ಋತುವಿನ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು. ಆ ದಿನದ ತಂಡದ ಗೋಲೂ ಅವರದೇ. ಆಫ್ರಿಕನ್ ಒಕ್ಕೂಟ ಕ್ಲಬ್ಬನ್ನು ಎರಡು ವರ್ಷ ತನ್ನ ಟೂರ್ನಿಗಳಿಂದ ಹೊರಗಿಟ್ಟಿತು. ಇದಕ್ಕೆ ಬೇರೆ ವಿಭಾಗವನ್ನೇ ಕೊಡಿ.

ಪುಟದ ವಿಷಯಕ್ಕೆ ಬಂದರೆ, ಒಂದೇ ಪುಟ, ತಲೆಬರಹ ಜೆಎಸ್ ಕಬಿಲಿ. ಪ್ರಶಸ್ತಿ ಪಟ್ಟಿಯಲ್ಲಿ ಪ್ರತಿ ವರ್ಷದ ಎದುರು ಆಗಿನ ಹೆಸರು ಹಾಕಿ, ಒಟ್ಟು ಲೆಕ್ಕ ಮಾತ್ರ ಒಂದೇ ಇರಲಿ. ಉಳಿದ ಎರಡು ಹೆಸರು ಹುಡುಕಿದವರೂ ಇದೇ ಪುಟಕ್ಕೆ ಬರುವಂತೆ ಮಾಡಿ. ಬರವಣಿಗೆಯನ್ನು 1946ರಿಂದಲ್ಲ, 1977ರ ಫೈನಲ್‌ನಿಂದ ಶುರು ಮಾಡಿ ಎಂಬುದು ನನ್ನ ಸಲಹೆ. ಕರಡು ಆದ ಮೇಲೆ ಇಲ್ಲೇ ಕೆಳಗೆ ಹಾಕಿ, ಹೆಸರು ಮತ್ತು ವರ್ಷಗಳನ್ನು ನಾನು ಪರಿಶೀಲಿಸಿ ಕೊಡುತ್ತೇನೆ.